ಬೋಟಿನ ಡ್ಯಾಶ್‌ಬೋರ್ಡ್‌ಗೆ ಸ್ಕ್ರೂ ನಿಲ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮ ಭಾವನವರು ಕಾರವಾರದಲ್ಲಿ ಸಣ್ಣದೊಂದು ಫೈಬರ್ ಬೋಟ್ ಇಟ್ಟಿದ್ದಾರೆ. ಮೀಟರ್, ಸ್ವಿಚ್ ಇರುವ ಡ್ಯಾಶ್‌ಬೋರ್ಡ್ ಪ್ಯಾನಲ್‌ನ ಆರು ಸ್ಕ್ರೂಗಳಲ್ಲಿ ನಾಲ್ಕು ಸುಮ್ನೆ ತಿರುಗುತ್ತವೆ, ಬಿಗಿ ಆಗೋದೇ ಇಲ್ಲ. ಎಂಜಿನ್ ಚಾಲೂ ಮಾಡಿದರೆ ಪ್ಯಾನಲ್ ಗಡಗಡ ಅನ್ನುತ್ತದೆ. ಒಂದು ಸೈಜ್ ದಪ್ಪ ಸ್ಕ್ರೂ ಹಾಕಿದೆವು, ಅದೂ ಸಡಿಲಾಯಿತು. ಹಿಂದಿನಿಂದ ಕೈ ಹಾಕಲು ಜಾಗ ಇಲ್ಲ. ಹುಬ್ಬಳ್ಳಿಯಿಂದ ಏನಾದರೂ ಒಯ್ದು ಹಾಕಬಹುದಾ, ಇಲ್ಲಾ ಡಬಲ್ ಟೇಪ್ ಹಚ್ಚಿ ಅಂಟಿಸಿಬಿಡಲಾ?
— ಓದುಗರು, ಉಣಕಲ್, ಹುಬ್ಬಳ್ಳಿ

ಉತ್ತರ: ಇನ್ನೂ ದಪ್ಪ ಸ್ಕ್ರೂ ಮಾತ್ರ ಬೇಡ. ಸಡಿಲಾದ ಒಂದು ಸ್ಕ್ರೂ ಬಿಚ್ಚಿ ನೋಡಿ, ಸುತ್ತುಗಳ ನಡುವೆ ಬಿಳಿ ಪುಡಿ ಸಿಕ್ಕಿರುತ್ತದೆ. ಅದು ನಿಮ್ಮ ಬೋಟಿನ ಫೈಬರ್ರೇ. ಕಟ್ಟಿಗೆ ಸ್ಕ್ರೂವನ್ನು ಹಿಡಿದುಕೊಳ್ಳುತ್ತದೆ, ತೆಳು ಫೈಬರ್ ಹಾಗಲ್ಲ, ಎಂಜಿನ್ ನಡುಗಿದಷ್ಟೂ, ವೈರಿಂಗ್ ನೋಡಲು ಸ್ಕ್ರೂ ಬಿಚ್ಚಿ ಹಾಕಿದಷ್ಟೂ ಪುಡಿಯಾಗುತ್ತಾ ಹೋಗುತ್ತದೆ.

ನಿಮಗೆ ಸರಿಹೋಗುವುದು ವೆಲ್ ನಟ್. ಬೈಕುಗಳ ವಿಂಡ್‌ಶೀಲ್ಡ್‌ಗೂ ಇದನ್ನು ಹಾಕುತ್ತಾರೆ, ಹೆಸರು ಗೊತ್ತಾಗದಿದ್ದರೆ ಟೂ ವೀಲರ್ ಸ್ಪೇರ್ ಅಂಗಡಿಯಲ್ಲಿ 'ಒಳಗೆ ಹಿತ್ತಾಳೆ ನಟ್ ಇರುವ ರಬ್ಬರ್ ಬುಶ್' ಅಂತ ಕೇಳಿ. ನೋಡಲು ಅಂಚು ಕಟ್ಟಿದ ಗಿಡ್ಡ ರಬ್ಬರ್ ಕೊಳವೆ, ಅದರ ತಳದಲ್ಲಿ ನಟ್. ಫೈಬರಿನ ತೂತಿಗೆ ಮುಂದಿನಿಂದಲೇ ತುರುಕಿ, ಪ್ಯಾನಲ್ ಮೇಲಿಟ್ಟು ಬೋಲ್ಟ್ ತಿರುಗಿಸಿ. ನಟ್ ನಿಮ್ಮ ಕಡೆಗೆ ಸರಿಯುತ್ತಾ ಬರುತ್ತದೆ, ರಬ್ಬರ್ ಹಿಂದುಗಡೆ ದುಂಡಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಹಿಂದೆ ಕೈ ಹಾಕುವ ಕೆಲಸವೇ ಇಲ್ಲ. ನಡುಕವನ್ನೂ ರಬ್ಬರ್ ನುಂಗಿಕೊಳ್ಳುತ್ತದೆ. ಆದರೆ ಆರಕ್ಕೆ ಆರನ್ನೂ ಬದಲಿಸಿ. ರಬ್ಬರಿನ ಅಂಚು ಪ್ಯಾನಲ್ ಅಡಿಗೆ ಬರುತ್ತದೆ, ನಾಲ್ಕಕ್ಕೆ ಮಾತ್ರ ಹಾಕಿದರೆ ಪ್ಯಾನಲ್ ಓರೆಯಾಗುತ್ತದೆ.

ತೂತು ದೊಡ್ಡದು ಮಾಡಲೇಬೇಕಾಗುತ್ತದೆ. ಡ್ರಿಲ್ ಹಚ್ಚುವ ಮೊದಲು ಬ್ಯಾಟರಿ ವೈರ್ ತೆಗೆಯಿರಿ, ಪ್ಯಾನಲ್ ಎತ್ತಿ ಹಿಂದೆ ವೈರ್ ಎಲ್ಲಿ ಹಾದಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಫೈಬರ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ನಿಧಾನಕ್ಕೆ ಕೊರೆದರೆ ಮೇಲಿನ ಪದರ ಸಿಡಿಯುವುದಿಲ್ಲ. ಮೂಗಿಗೆ ಮಾಸ್ಕ್ ಇರಲಿ, ಆ ಪುಡಿ ಒಳ್ಳೆಯದಲ್ಲ. ತೂತು ಫೈಬರಿನ ಅಂಚಿಗೆ ತೀರಾ ಹತ್ತಿರ ಇದ್ದರೆ ಅದನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿ, ಸ್ವಲ್ಪ ಪಕ್ಕಕ್ಕೆ ಹೊಸದು ಕೊರೆಯಿರಿ.

ಫ್ಯಾಬ್ರಿಕೇಶನ್ ಕೆಲಸದವರು ರಿವೆಟ್ ನಟ್, ಅಂದರೆ ತೂತಿನೊಳಗೆ ಹಿಸುಕಿ ಕೂರಿಸುವ ಲೋಹದ ನಟ್, ಹೊಡೆಯೋಣ ಅನ್ನಬಹುದು. ತಗಡಿಗೆ ಅದು ಬಹಳ ಚೆನ್ನಾಗಿದೆ, ಫೈಬರಿಗೆ ನಾನು ಹೇಳುವುದಿಲ್ಲ. ಬಿಗಿಯುವಾಗಲೇ ಫೈಬರ್ ಬಿರುಕು ಬಿಡಬಹುದು. ಜೊತೆಗೆ ಅಲ್ಯೂಮಿನಿಯಂ ನಟ್‌ಗೆ ಸ್ಟೀಲ್ ಬೋಲ್ಟ್ ಹಾಕಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆದು ಹೋಗುತ್ತದೆ.

ಬೋಲ್ಟ್ 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ನಮ್ಮ ಕಡೆ ಜಾಸ್ತಿ ಸಿಗುವ 304 ಕಡಲ ಗಾಳಿಗೆ ಕಂದು ಕಲೆ ಹಿಡಿಯುತ್ತದೆ. ಮ್ಯಾಗ್ನೆಟ್ ಹಿಡಿದು ಇವೆರಡನ್ನು ಗುರುತಿಸಲಾಗದು, ಬೋಲ್ಟಿನ ತಲೆ ನೋಡಿ: ಎ4 ಅಂದರೆ 316, ಎ2 ಅಂದರೆ 304.

ಡಬಲ್ ಟೇಪ್ ಬೇಡ. ನಡುನೀರಿನಲ್ಲಿ ಫ್ಯೂಸ್ ಹೋದರೆ ಪ್ಯಾನಲ್ ತಕ್ಷಣ ಬಿಚ್ಚಲು ಬರಬೇಕು, ಅಲ್ವಾ? ಮ್ಯಾಗ್ನೆಟ್ ಕ್ಯಾಚ್ ಕೂಡ ಬೇಡ, ಹತ್ತಿರದಲ್ಲೇ ದಿಕ್ಸೂಚಿ ಇದ್ದರೆ ಅದು ತಪ್ಪು ದಿಕ್ಕು ತೋರಿಸುತ್ತದೆ. ಸ್ಕ್ರೂ ಸಡಿಲಾಗದಿರಲಿ ಅಂತ ಹಚ್ಚುವ ಥ್ರೆಡ್ ಲಾಕರ್ ಅಂಟು ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳಿಸುತ್ತದೆ, ಇಲ್ಲಿ ಅದರ ಅಗತ್ಯವೂ ಇಲ್ಲ. ಬೋಲ್ಟ್ ತಲೆಯಡಿ ಅಗಲ ವಾಷರ್ ಹಾಕಿ, ಪ್ಯಾನಲ್ ಅಲುಗಾಡುವುದು ನಿಂತ ಕೂಡಲೇ ಕೈ ನಿಲ್ಲಿಸಿ. ಮೊದಲ ಸಲ ಬೋಟ್ ಓಡಿಸಿ ಬಂದಮೇಲೆ ಆರನ್ನೂ ಇನ್ನೊಮ್ಮೆ ಮುಟ್ಟಿ ನೋಡಲು ಭಾವನವರಿಗೆ ಹೇಳಿ.