ಕುಂಬಳಕಾಯಿ ಕಳ್ಳನೂ ಪೌರತ್ವದ ಅರ್ಜಿಯೂ

ಕಾನೂನು ಪಾಠ ಹೇಳಿ ನಿವೃತ್ತಳಾದವಳ ಕೈಗೆ ಪ್ರಶ್ನೋತ್ತರದ ಪುಟ ಕೊಟ್ಟರೆ ಏನಾಗುತ್ತದೋ ಅದೇ ಆಗಿದೆ. ಉಗ್ರ ವಿಚಾರದವರಿಗೆ ಪೌರತ್ವ ಕೊಡಬಾರದು ಎನ್ನುವುದು ಬಾಯಲ್ಲಿ ಹೇಳಲು ಸುಲಭ, ಕಾನೂನಾಗಿ ಬರೆಯಲು ಕಷ್ಟ ಅಂತ ಹಿಂದಿನ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ. ಬೈದವರೂ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರಿಗೇ.

ಮೇಡಂ, ‘ನಿಮ್ಮ ಮನೆಗೆ ಬೆಂಕಿ ಇಡುತ್ತೇನೆ’ ಅನ್ನುವವನನ್ನು ನೀವು ಒಳಗೆ ಕರೆದು ಕೂರಿಸುತ್ತೀರಾ? ಇಲ್ಲ ತಾನೇ? ಮತ್ತೆ ದೇಶಕ್ಕೆ ಮಾತ್ರ ಯಾಕೆ ಇಷ್ಟು ಚರ್ಚೆ?

ಕರೆಯುವುದಿಲ್ಲ. ಅಲ್ಲಿಗೆ ನಿಮ್ಮ ಪಾಲಿಗೆ ಒಂದು ಅಂಕ. ಹೊರಗಿನಿಂದ ಬಂದವರಿಗೆಲ್ಲ ಪೌರತ್ವ ಕೊಡಲೇಬೇಕೆಂದು ಯಾವ ದೇಶದ ಕಾನೂನೂ ಹೇಳುವುದಿಲ್ಲ. ಬೇಡ ಅನ್ನುವ ಅಧಿಕಾರ ಇದ್ದೇ ಇದೆ. ನನ್ನ ತಕರಾರು ಬೇರೆ. ಬೆಂಕಿ ಇಡುವವನು ‘ಇಡುತ್ತೇನೆ’ ಎಂದು ಅರ್ಜಿಯಲ್ಲಿ ಬರೆಯುತ್ತಾನೆಯೇ?

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎನ್ನುತ್ತೇವಲ್ಲ, ಪೌರತ್ವದ ಅರ್ಜಿಗಳೆಲ್ಲ ಆ ಗಾದೆಯನ್ನು ನಂಬಿಕೊಂಡೇ ಬರೆದಂತಿವೆ. ‘ನೀನು ಸರ್ವಾಧಿಕಾರಿ ಪಕ್ಷದವನೇ? ಭಯೋತ್ಪಾದಕರ ಜತೆ ಇದ್ದೆಯಾ?’ ಎಂದು ಕೇಳುತ್ತವೆ. ನಿಜವಾದ ಕಳ್ಳ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಮುಂದಿನ ಪುಟ ತಿರುವುತ್ತಾನೆ. ಹೆಗಲು ಮುಟ್ಟಿಕೊಳ್ಳುವವರು ಪ್ರಾಮಾಣಿಕರು ಮಾತ್ರ.

ಉದಾಹರಣೆಗೆ ರೋಸಿಕಾ ಶ್ವಿಮರ್. ಹಂಗೆರಿಯಲ್ಲಿ ಹುಟ್ಟಿದ ಶಾಂತಿವಾದಿ, ಸ್ತ್ರೀ ಹಕ್ಕುಗಳ ಹೋರಾಟಗಾರ್ತಿ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದರು. ಅರ್ಜಿಯ 22ನೇ ಪ್ರಶ್ನೆ: ಅಗತ್ಯ ಬಿದ್ದರೆ ದೇಶ ಕಾಯಲು ಆಯುಧ ಹಿಡಿಯುತ್ತೀರಾ? ಆಕೆಗೆ ಆಗಲೇ ಐವತ್ತರ ಹತ್ತಿರ ವಯಸ್ಸು. ಹೆಂಗಸರನ್ನು ಯಾರೂ ಸೈನ್ಯಕ್ಕೆ ಕರೆಯುತ್ತಿರಲಿಲ್ಲ. ಸುಮ್ಮನೆ ‘ಹೂಂ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ‘ನಾನು ಸ್ವತಃ ಆಯುಧ ಹಿಡಿಯಲಾರೆ’ ಎಂದು ಬರೆದರು. 1929ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿತು. ನ್ಯಾಯಮೂರ್ತಿ ಹೋಮ್ಸ್ ಅದನ್ನು ಒಪ್ಪಲಿಲ್ಲ. ನಮಗೆ ಒಪ್ಪಿಗೆಯಾಗುವ ವಿಚಾರಕ್ಕಷ್ಟೇ ಅಲ್ಲ, ನಾವು ದ್ವೇಷಿಸುವ ವಿಚಾರಕ್ಕೂ ಸ್ವಾತಂತ್ರ್ಯ ಇರಬೇಕೆಂದು ಭಿನ್ನಮತ ಬರೆದರು. 1946ರಲ್ಲಿ ಇನ್ನೊಬ್ಬರ ಮೊಕದ್ದಮೆಯಲ್ಲಿ ಕೋರ್ಟ್ ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು. ಶ್ವಿಮರ್ ಮಾತ್ರ ಯಾವ ದೇಶದ ಪ್ರಜೆಯೂ ಆಗದೆ 1948ರಲ್ಲಿ ತೀರಿಕೊಂಡರು.

ಈಗ ಇನ್ನೊಂದು ಕಡೆ ನೋಡಿ. 1925ರಲ್ಲಿ ಆಸ್ಟ್ರಿಯಾದ ಪೌರತ್ವ ಬಿಟ್ಟ ಒಬ್ಬ ಮನುಷ್ಯ ಏಳು ವರ್ಷ ಯಾವ ದೇಶಕ್ಕೂ ಸೇರದೆ ಜರ್ಮನಿಯಲ್ಲಿದ್ದ. ಅವನ ವಿಚಾರ ಗುಟ್ಟಾಗಿರಲಿಲ್ಲ. ಸರ್ಕಾರ ಬೀಳಿಸಲು ಹೋಗಿ 1924ರಲ್ಲಿ ದೇಶದ್ರೋಹಕ್ಕೆ ಜೈಲು ಕಂಡವನು, ತಾನು ಏನು ಮಾಡಲಿದ್ದೇನೆಂದು ಸಭೆ ಸಭೆಯಲ್ಲೂ ಹೇಳಿಕೊಂಡವನು. 1932ರ ಫೆಬ್ರುವರಿ 25ರಂದು ಬ್ರೌನ್‌ಶ್ವೈಗ್ ಎಂಬ ಪುಟ್ಟ ರಾಜ್ಯ ಅವನಿಗೊಂದು ಸರ್ಕಾರಿ ಹುದ್ದೆ ಕೊಟ್ಟಿತು. ಅಲ್ಲಿಯ ಒಳಾಡಳಿತ ಮಂತ್ರಿ ಅವನದೇ ಪಕ್ಷದವನು. ಹುದ್ದೆಯ ಬೆನ್ನಿಗೇ ಪೌರತ್ವ ಬಂತು. ಮರುತಿಂಗಳೇ ಹಿಟ್ಲರ್ ರಾಷ್ಟ್ರಾಧ್ಯಕ್ಷ ಚುನಾವಣೆಗೆ ನಿಂತ. ಸೋತ, ನಿಜ. ಆದರೆ 1933ರ ಜನವರಿ 30ರಂದು ಚಾನ್ಸಲರ್ ಆಗುವಾಗ ಸಂವಿಧಾನವನ್ನು ಕಾಯುತ್ತೇನೆಂದು ಪ್ರಮಾಣ ಮಾಡಿದ. ಹೆಗಲು ಮುಟ್ಟಿಕೊಳ್ಳಲಿಲ್ಲ.

ಅವನನ್ನು ತಡೆಯಲು ಬೇಕಾದಷ್ಟು ಕಾಗದ ಕಡತದಲ್ಲೇ ಇತ್ತು. ಅದು ಅವನ ವಿಚಾರದ ಕಡತವಲ್ಲ, ಅವನ ಕೃತ್ಯದ ಕಡತ, ಕೋರ್ಟಿನ ತೀರ್ಪು. ಒಳಗಿನವರೇ ಬಾಗಿಲು ತೆಗೆದರು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕೊಲ್ಲುವ ಸಂಘಟನೆಗೆ ಸೇರಿದ್ದಾನೆಯೇ, ಹಣ ಕೊಟ್ಟಿದ್ದಾನೆಯೇ, ಇಂಥವರನ್ನು ಹೊಡೆಯಿರಿ ಎಂದು ಜನರನ್ನು ಎಬ್ಬಿಸಿದ್ದಾನೆಯೇ? ಹೌದಾದರೆ ಬೇಡ ಎನ್ನಿ. ಯಾಕೆ ಬೇಡ ಎಂಬುದನ್ನು ಬರಹದಲ್ಲಿ ಕೊಡಿ, ಮೇಲ್ಮನವಿಗೆ ದಾರಿ ಬಿಡಿ. ಬರೀ ತಲೆಯೊಳಗೆ ಇರುವುದನ್ನು ಕೆದಕಲು ಹೋದರೆ ನಿಮ್ಮ ಕೈಗೆ ಸಿಗುವುದು ಶ್ವಿಮರ್‌ಗಳು. ಜರ್ಮನಿ 2024ರಲ್ಲಿ ತಿದ್ದಿದ ಪೌರತ್ವ ಕಾನೂನಿನಲ್ಲಿ ಯೆಹೂದಿ ದ್ವೇಷ, ಜನಾಂಗ ದ್ವೇಷದಿಂದ ಎಸಗಿದ ‘ಕೃತ್ಯಗಳು’ ಮನುಷ್ಯನ ಘನತೆಗೆ ಹೊಂದುವುದಿಲ್ಲ ಎಂದು ಬರೆದಿದೆ. ಆ ಪದ ನನಗೆ ಹಿಡಿಸಿತು. ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ಇಲ್ಲಿ ನನಗೇ ಪೂರ್ತಿ ಸಮಾಧಾನವಿಲ್ಲ. ನೆರೆಯವನು ಮನುಷ್ಯನೇ ಅಲ್ಲ ಎಂದು ಹಗಲಿರುಳು ಸಾರುತ್ತಾ, ಕೈಗೆ ಮಾತ್ರ ಮಣ್ಣು ಹತ್ತದಂತೆ ಇರುವ ಒಬ್ಬನಿಗೆ ಪ್ರಮಾಣಪತ್ರ ಕೊಡುವ ಅಧಿಕಾರಿ ನಾನಾಗಿದ್ದರೆ, ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

‘ಉಗ್ರ’ ಅಂದರೆ ಏನು ಅಂತ ನೀವೇ ಸರಿಯಾಗಿ ಹೇಳಿಬಿಡಿ. ಗೊಂದಲ ಮುಗಿಯಲಿ.

ನಿಮ್ಮ ಶಾಲೆಯ ಚರಿತ್ರೆ ಪುಸ್ತಕ ನೆನಪಿದೆಯೇ? ‘ಮಂದಗಾಮಿಗಳು ಮತ್ತು ತೀವ್ರಗಾಮಿಗಳು, ವ್ಯತ್ಯಾಸ ಬರೆಯಿರಿ, ಐದು ಅಂಕ.’ 1907ರ ಸೂರತ್ ಅಧಿವೇಶನದಲ್ಲಿ ಕಾಂಗ್ರೆಸ್ ಒಡೆಯಿತು. ತೀವ್ರಗಾಮಿಗಳು ಯಾರು? ಲಾಲ್, ಬಾಲ್, ಪಾಲ್. ಮರುವರ್ಷವೇ ಬ್ರಿಟಿಷರು ತಿಲಕರಿಗೆ ರಾಜದ್ರೋಹದ ಮೇಲೆ ಆರು ವರ್ಷ ಶಿಕ್ಷೆ ಕೊಟ್ಟು ಮಂಡಾಲೆಗೆ ಕಳಿಸಿದರು. ಇಂಗ್ಲಿಷಿನಲ್ಲಿ ಆಗ ಅವರಿಗೆ ಹೇಳಿದ್ದು ‘ಎಕ್ಸ್‌ಟ್ರೀಮಿಸ್ಟ್’ ಅಂತಲೇ. ನಾವು ಕನ್ನಡದಲ್ಲಿ ಜಾಣತನದಿಂದ ಅದಕ್ಕೆ ಎರಡು ಪದ ಮಾಡಿಕೊಂಡಿದ್ದೇವೆ. ನಮಗೆ ಬೇಕಾದವರು ತೀವ್ರಗಾಮಿಗಳು, ಬೇಡವಾದವರು ಉಗ್ರಗಾಮಿಗಳು.

ಇನ್ನೊಂದು. 1932ರಲ್ಲಿ ಅಮೆರಿಕದ ಮಹಿಳೆಯರ ಸಂಘವೊಂದು ಅಲ್ಲಿನ ವಿದೇಶಾಂಗ ಇಲಾಖೆಗೆ ಹದಿನಾರು ಪುಟದ ಪತ್ರ ಬರೆಯಿತು. ಈತ ಕಮ್ಯೂನಿಸ್ಟ್, ಅರಾಜಕವಾದಿ, ದೇಶದೊಳಗೆ ಬಿಡಬೇಡಿ ಎಂದು. ‘ಈತ’ ಐನ್‌ಸ್ಟೈನ್. ಎಫ್‌ಬಿಐ ಆ ಪತ್ರದಿಂದ ಶುರು ಮಾಡಿದ ಕಡತ ಕೊನೆಗೆ 1,400 ಪುಟ ದಾಟಿತು. 1940ರಲ್ಲಿ ಅವರಿಗೆ ಅಲ್ಲಿನ ಪೌರತ್ವವೂ ಸಿಕ್ಕಿತು, ಕಡತವೂ ಬೆಳೆಯುತ್ತಲೇ ಹೋಯಿತು. ಅದೇ ದೇಶ, ನಾಜಿಗಳ ಎಸ್‌ಎಸ್ ಪಡೆಯಲ್ಲಿ ಅಧಿಕಾರಿಯಾಗಿದ್ದ ರಾಕೆಟ್ ವಿಜ್ಞಾನಿ ವೆರ್ನರ್ ಫಾನ್ ಬ್ರೌನ್‌ಗೆ 1955ರಲ್ಲಿ ಪೌರತ್ವ ಕೊಟ್ಟಿತು. ಅವನ ವಿ-2 ರಾಕೆಟ್‌ಗಳನ್ನು ಕಟ್ಟಿದವರು ಸೆರೆಶಿಬಿರದ ಕೈದಿಗಳು. ಆದರೆ ಅಮೆರಿಕಕ್ಕೂ ರಾಕೆಟ್ ಬೇಕಿತ್ತು.

ವ್ಯಾಖ್ಯೆ ಕೇಳಿದಿರಿ, ಕೊಡಲಿಲ್ಲ. ಕೊಡಲು ಬಂದಿದ್ದರೆ ಮೂವತ್ತು ವರ್ಷ ಪಾಠ ಹೇಳುವ ಬದಲು ನಾಲ್ಕು ಸಾಲಿನ ಕಾನೂನು ಬರೆದು ಮನೆಗೆ ಹೋಗುತ್ತಿದ್ದೆ.

ಜರ್ಮನಿಯಲ್ಲಿ ಹೆಂಗಸಿನ ಕೈ ಕುಲುಕಲಿಲ್ಲ ಅಂತ ಒಬ್ಬ ಡಾಕ್ಟರಿಗೆ ಪೌರತ್ವ ಕೊಡಲಿಲ್ಲವಂತೆ. ನಿಜವೇ? ಹೆಣ್ಣಾಗಿ ನೀವೇನು ಹೇಳುತ್ತೀರಿ?

ನಿಜ. ಲೆಬನಾನಿನಿಂದ ಬಂದವರು, ಜರ್ಮನಿಯಲ್ಲೇ ವೈದ್ಯಕೀಯ ಓದಿದವರು. ಪೌರತ್ವದ ಪರೀಕ್ಷೆಯಲ್ಲಿ ಪೂರ್ತಿ ಅಂಕ. 2015ರಲ್ಲಿ ಪ್ರಮಾಣಪತ್ರ ಕೊಡಲು ಅಧಿಕಾರಿಣಿ ಕೈ ಚಾಚಿದಾಗ ಕುಲುಕಲಿಲ್ಲ. ಬೇರೆ ಹೆಂಗಸಿನ ಕೈ ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೇನೆ ಅಂದರು. ಆಕೆ ಪ್ರಮಾಣಪತ್ರ ವಾಪಸ್ ಇಟ್ಟುಕೊಂಡರು. 2020ರಲ್ಲಿ ಮಾನ್‌ಹೈಮ್‌ನ ಮೇಲಿನ ಕೋರ್ಟ್ ಅಧಿಕಾರಿಣಿಯ ಪರ ನಿಂತಿತು. ಗಂಡಸರ ಕೈಯನ್ನೂ ಇನ್ನು ಕುಲುಕುವುದಿಲ್ಲ ಎಂದು ಆತ ಆಮೇಲೆ ಹೇಳಿದ್ದನ್ನು ಬರೀ ತಂತ್ರ ಎಂದು ತಳ್ಳಿಹಾಕಿತು.

ಆ ಮನುಷ್ಯನ ನಡತೆ ನನಗೆ ಹಿಡಿಸದು. ಹೆಂಗಸೆಂದರೆ ಮೈಲಿಗೆಯೋ ಮೋಹವೋ ಎರಡೇ ಅಂದುಕೊಂಡವರ ನಡುವೆ ನಾನೂ ನೌಕರಿ ಮಾಡಿದ್ದೇನೆ. ಆದರೂ ಪ್ರಮಾಣಪತ್ರ ಕೊಡಬೇಕಿತ್ತು ಅನ್ನುತ್ತೇನೆ. ರೋಗಿ ಹೆಣ್ಣೆಂದು ಚಿಕಿತ್ಸೆ ನಿರಾಕರಿಸಿದ್ದರೆ ಆಗ ಮಾತೇ ಬೇರೆ. ಕುಲುಕದ ಕೈಯನ್ನು ಉಗ್ರವಾದದ ಸಾಕ್ಷಿ ಎಂದು ಕಡತಕ್ಕೆ ಸೇರಿಸುವುದು ಅತಿಯಾಯಿತು. ಅವರೂ ಹೆಗಲು ಮುಟ್ಟಿಕೊಂಡವರೇ ನೋಡಿ. ಎರಡು ಸೆಕೆಂಡು ಕೈ ಕೊಟ್ಟು ಒಳಗೊಳಗೇ ಬೈದುಕೊಂಡಿದ್ದರೆ ಅಂದೇ ಜರ್ಮನ್ ಪ್ರಜೆಯಾಗಿ ಹೊರಬರುತ್ತಿದ್ದರು.

(ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಒಬ್ಬಾಕೆಗೆ ಊರವರು ಎರಡು ಸಲ ಪೌರತ್ವ ಬೇಡ ಅಂದರು. ಹಸುಗಳ ಕೊರಳಿಗೆ ಗಂಟೆ ಕಟ್ಟಬೇಡಿ ಎಂದು ಆಕೆ ಗಲಾಟೆ ಮಾಡುತ್ತಿದ್ದರು. 2017ರಲ್ಲಿ ಮೇಲಿನವರು ಮಧ್ಯೆ ಬಂದು ಕೊಡಿಸಿದರು. ಊರಿಗೆ ಕಿರಿಕಿರಿಯಾದವರೂ ಉಗ್ರರೇ!)

ಕೊಟ್ಟ ಮೇಲೆ ಬಣ್ಣ ಬಯಲಾದರೆ? ಕಿತ್ತುಕೊಳ್ಳಬಾರದೇ?

ಅರ್ಜಿಯಲ್ಲಿ ಸುಳ್ಳು ಹೇಳಿದ್ದರೆ ಕಿತ್ತುಕೊಳ್ಳಿ. ಮೋಸದಿಂದ ಬರೆಸಿಕೊಂಡ ಆಸ್ತಿಪತ್ರ ನಿಲ್ಲುತ್ತದೆಯೇ? ಹಾಗೆಯೇ ಇದು.

ಸುಳ್ಳಿಲ್ಲದೆ, ಆಮೇಲೆ ಆಡಿದ ಮಾತಿಗೆ, ಕಟ್ಟಿದ ಪಕ್ಷಕ್ಕೆ ಕಿತ್ತುಕೊಳ್ಳುವುದಾದರೆ ನಾನು ಒಪ್ಪುವುದಿಲ್ಲ. ತಪ್ಪು ಮಾಡಿದರೆ ಜೈಲಿದೆ. 1933ರ ಜುಲೈನಲ್ಲಿ ನಾಜಿ ಸರ್ಕಾರ ಮಾಡಿದ ಮೊದಮೊದಲ ಕಾನೂನುಗಳಲ್ಲಿ ಒಂದು ಇದೇ. 1918ರ ನಂತರ ಕೊಟ್ಟ ಪೌರತ್ವವನ್ನು ಬೇಡವೆನಿಸಿದರೆ ರದ್ದು ಮಾಡುವುದು, ಹೊರಗೆ ಹೋಗಿ ಟೀಕಿಸಿದವರದನ್ನು ಕಿತ್ತುಕೊಳ್ಳುವುದು. ವರ್ಷದ ಹಿಂದಷ್ಟೇ ಹಿಂಬಾಗಿಲಿನಿಂದ ಪೌರತ್ವ ಪಡೆದವನ ಸರ್ಕಾರ! ಜರ್ಮನಿಯ ಯೆಹೂದಿ ಚಿಂತಕಿ ಹಾನಾ ಅರೆಂಟ್ ಹಾಗೆ ಪೌರತ್ವ ಕಳೆದುಕೊಂಡು 1951ರವರೆಗೆ ಯಾವ ದೇಶದವರೂ ಆಗಿರಲಿಲ್ಲ. ‘ಹಕ್ಕುಗಳನ್ನು ಪಡೆಯುವ ಹಕ್ಕು’ ಎಂಬ ಮಾತು ಅವರದು. ಅನುಭವಿಸಿ ಬರೆದದ್ದು.

ಬ್ರಿಟನ್ನಿನ ಶಮೀಮಾ ಬೇಗಂ ಬಗ್ಗೆ ನೀವು ಕೇಳುತ್ತೀರೆಂದು ಗೊತ್ತು. ಬ್ರಿಟನ್ನಿನಲ್ಲೇ ಹುಟ್ಟಿದವಳು, 2015ರಲ್ಲಿ ಹದಿನೈದನೇ ವಯಸ್ಸಿಗೆ ಸಿರಿಯಾಕ್ಕೆ ಹೋಗಿ ಐಸಿಸ್ ಸೇರಿದಳು. 2019ರಲ್ಲಿ ಸರ್ಕಾರ ಪೌರತ್ವ ಕಿತ್ತುಕೊಂಡಿತು, 2024ರ ಫೆಬ್ರುವರಿಯಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆತ್ತವರ ಕಡೆಯಿಂದ ಆಕೆ ಬಾಂಗ್ಲಾದೇಶದ ಪ್ರಜೆಯೂ ಹೌದು, ಹಾಗಾಗಿ ಎಲ್ಲಿಯೂ ಇಲ್ಲದವಳಾಗುವುದಿಲ್ಲ ಎಂಬುದು ವಾದ. ನಮ್ಮವಳಲ್ಲ ಎಂದು ಬಾಂಗ್ಲಾದೇಶ ಹೇಳಿಬಿಟ್ಟಿತು. ಆಕೆಯನ್ನು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿ ಶಿಕ್ಷೆ ಕೊಟ್ಟಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ. ಇದು ನಮ್ಮ ಅಂಗಳದ ಕಸವನ್ನು ಪಕ್ಕದ ಅಂಗಳಕ್ಕೆ ಗುಡಿಸಿದ ಹಾಗೆ.

ನಮ್ಮ 1955ರ ಪೌರತ್ವ ಕಾಯ್ದೆಯ 10ನೇ ಕಲಮೂ ಓದಿ. ಅರ್ಜಿ ಹಾಕಿ ಪ್ರಜೆಯಾದವರು ಕೃತಿಯಿಂದ ‘ಅಥವಾ ಮಾತಿನಿಂದ’ ಸಂವಿಧಾನಕ್ಕೆ ನಿಷ್ಠೆಯಿಲ್ಲವೆಂದು ತೋರಿಸಿಕೊಂಡರೆ ಪೌರತ್ವ ಕಿತ್ತುಕೊಳ್ಳಬಹುದು. ಅದೇ ಮಾತನ್ನು ಹುಟ್ಟಾ ಪ್ರಜೆಯಾದ ನಾನು ಆಡಿದರೆ ನನ್ನ ಪೌರತ್ವಕ್ಕೆ ಆ ಕಲಮು ತಾಗುವುದಿಲ್ಲ. ತರಗತಿಯಲ್ಲಿ ಈ ಕಲಮು ಬಂದಾಗಲೆಲ್ಲ ಯಾರಾದರೊಬ್ಬರು ಕೈ ಎತ್ತಿ ‘ಹಾಗಾದರೆ ಪ್ರಜೆಗಳಲ್ಲೂ ಎರಡು ದರ್ಜೆಯೇ ಮೇಡಂ?’ ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಬೇಕಾದ ಉತ್ತರ ಹೇಳಿ ಮುಂದೆ ಹೋಗುತ್ತಿದ್ದೆ.

ಅಮ್ಮಾ, ಮಗ ಅಮೆರಿಕದಲ್ಲಿದ್ದಾನೆ. ಪೌರತ್ವಕ್ಕೆ ಅರ್ಜಿ ಹಾಕಬೇಕು. ಕಾಲೇಜಿನಲ್ಲಿದ್ದಾಗ ಕಮ್ಯೂನಿಸ್ಟ್ ಪಕ್ಷದ ಸದಸ್ಯನಾಗಿದ್ದ, ಎರಡು ವರ್ಷಕ್ಕೇ ಬಿಟ್ಟ. ಈಗ ಅದನ್ನೆಲ್ಲ ಬರೆಯಬೇಕೇ? ಹೆದರಿಕೆಯಾಗಿದೆ.

ಹೆದರಬೇಡಿ ತಾಯಿ, ಆದರೆ ಬರೆಯಲಿ. 1952ರ ಅಲ್ಲಿನ ಕಾನೂನು ಅರ್ಜಿಗೆ ಮುಂಚಿನ ಹತ್ತು ವರ್ಷದೊಳಗೆ ಕಮ್ಯೂನಿಸ್ಟ್ ಪಕ್ಷದಲ್ಲಿ ಇದ್ದವರಿಗೆ ಪೌರತ್ವ ಬೇಡ ಎನ್ನುತ್ತದೆ. ಹದಿನಾರು ತುಂಬುವ ಮುಂಚೆಯೇ ಸೇರಿ ಅಷ್ಟರೊಳಗೇ ಹೊರಬಂದಿದ್ದರೆ, ಬಲವಂತಕ್ಕೆ ಸೇರಿದ್ದರೆ, ಕೆಲಸಕ್ಕೋ ಪಡಿತರಕ್ಕೋ ಸೇರಲೇಬೇಕಾಗಿದ್ದರೆ ವಿನಾಯಿತಿಯೂ ಇದೆ. ಮಗ ಬಿಟ್ಟು ಹತ್ತು ವರ್ಷ ದಾಟಿದ್ದರೆ ಆ ನಿಷೇಧ ಅವನಿಗೆ ತಾಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಮುಂದೆ ಯಾವತ್ತಾದರೂ ಆ ಸುಳ್ಳೇ ಪೌರತ್ವಕ್ಕೆ ಕುತ್ತು ತರಬಹುದು. ಸೇರಿದ ವರ್ಷ, ಬಿಟ್ಟ ವರ್ಷ ನೆನಪು ಮಾಡಿಕೊಂಡು ಬರೆದಿಟ್ಟುಕೊಳ್ಳಲಿ, ಅರ್ಜಿಗೆ ಮುಂಚೆ ಅಲ್ಲಿನ ವಲಸೆ ವಕೀಲರಿಗೆ ತೋರಿಸಲಿ. ಹಳೆಯ ಗೆಳೆಯರಿಂದ ಅಥವಾ ವಾಟ್ಸ್‌ಆ್ಯಪ್ ಗುಂಪಿನಿಂದ ಸಲಹೆ ಬೇಡ.

ಇಷ್ಟೆಲ್ಲ ಹೇಳುತ್ತೀರಲ್ಲ, ಉಗ್ರ ವಿಚಾರದ ಒಬ್ಬರಿಗಾದರೂ ನೀವು ಪೌರತ್ವ ಕೊಡಿಸಿದ್ದೀರಾ?

ಒಬ್ಬರಿಗೆ. ನಮ್ಮಲ್ಲಿ ಅರ್ಜಿದಾರರ ನಡತೆ ಒಳ್ಳೆಯದೆಂದು ಇಬ್ಬರು ಭಾರತೀಯರು ಅಫಿಡವಿಟ್ ಕೊಡಬೇಕು. ಹೊರದೇಶದಲ್ಲಿ ಹುಟ್ಟಿದ ನನ್ನ ಸಹೋದ್ಯೋಗಿಯೊಬ್ಬರು ಆ ಕಾಗದ ಹಿಡಿದುಕೊಂಡು ಬಂದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆಕೆ ಪಕ್ಕಾ ಅರಾಜಕವಾದಿ. ಸರ್ಕಾರ ಎಂಬುದೇ ಇರಬಾರದು ಎಂದು ವಾದಿಸಿ ನಮ್ಮ ಮಧ್ಯಾಹ್ನಗಳನ್ನೆಲ್ಲ ಹಾಳು ಮಾಡಿದ್ದರು. ಹದಿನಾಲ್ಕು ವರ್ಷದಲ್ಲಿ ಒಂದು ಪುಸ್ತಕವನ್ನೂ ಗ್ರಂಥಾಲಯಕ್ಕೆ ತಡವಾಗಿ ಹಿಂದಿರುಗಿಸಿದವರಲ್ಲ. ನಾನು ಸಹಿ ಹಾಕಿದೆ.

ಆಮೇಲೆ ಪ್ರತಿಜ್ಞೆಯ ನಮೂನೆ ಬಂದ ದಿನ ನನ್ನ ಮೇಜಿನ ಎದುರು ಕೂತು ಮೂರು ಸಲ ಓದಿದರು. ಪೆನ್ಸಿಲಿನಿಂದ ಒಂದೊಂದೇ ಪದದ ಕೆಳಗೆ ಗೆರೆ ಎಳೆದರು. ‘ಸಂವಿಧಾನಕ್ಕೆ ನಿಷ್ಠೆ ಅಂತಿದೆ. ಸರ್ಕಾರಕ್ಕೆ ಅಂತ ಎಲ್ಲೂ ಇಲ್ಲ, ಅಲ್ಲವಾ?’ ಅಂದರು. ಇಲ್ಲ ಅಂದೆ. ‘ಕಾನೂನುಗಳನ್ನು ನಿಷ್ಠೆಯಿಂದ ಪಾಲಿಸುತ್ತೇನೆ’ ಎಂಬ ಸಾಲಿನ ಮೇಲೆ ಪೆನ್ಸಿಲು ತುಂಬಾ ಹೊತ್ತು ನಿಂತಿತು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ನಾಲ್ಕನೇ ಪತ್ರಿಕೆ ಮುಗಿಯುವ ಹೊತ್ತಿಗೆ ಆಕೆ ಪೆನ್ನು ಕೇಳಿದರು.