ಐದು ಸಾವಿರ ಡಾಲರ್ ಎಷ್ಟು ವಾರ ಬಂದೀತು?

ಓದುಗರ ಪತ್ರ: ಕೆಲಸ ಮಾಡುತ್ತಾ ದೇಶ ಸುತ್ತಲು ಆಸ್ಟ್ರೇಲಿಯಾ ಕೊಡುವ ವರ್ಕ್ ಅಂಡ್ ಹಾಲಿಡೇ ವೀಸಾದ ಬ್ಯಾಲೆಟ್‌ನಲ್ಲಿ, ಅಂದರೆ ಲಾಟರಿ ಆಯ್ಕೆಯಲ್ಲಿ, ನನ್ನ ಹೆಸರು ಬಂದಿದೆ. ವೀಸಾಕ್ಕೆ ತೋರಿಸಬೇಕಾದ 5,000 ಆಸ್ಟ್ರೇಲಿಯನ್ ಡಾಲರ್ ಹೊಂದಿಸಿಕೊಂಡಿದ್ದೇನೆ. ಗಂಟೆಗೆ 30 ಡಾಲರ್ ಸಿಗುತ್ತದೆ, ಸಂಬಳದಲ್ಲಿ ಅರ್ಧ ಉಳಿಸಿ ಆರಾಮವಾಗಿ ದೇಶ ಸುತ್ತಬಹುದು ಎನ್ನುತ್ತಾರೆ ಗೆಳೆಯರು. ಈ ಲೆಕ್ಕ ನಂಬಬಹುದೇ?

ಸಂಪಾದಕರ ಉತ್ತರ: ಗಂಟೆಯ ದರವನ್ನು ನಿಮ್ಮ ಗೆಳೆಯರು ಸರಿಯಾಗಿಯೇ ಹೇಳಿದ್ದಾರೆ. ವಾರಕ್ಕೆ ಎಷ್ಟು ಗಂಟೆ ಕೆಲಸ ಸಿಗುತ್ತದೆ ಎಂದು ಹೇಳಿಲ್ಲ. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

2025ರ ಜುಲೈ 1ರಿಂದ ಅಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ನಿಮಗೆ ಸಿಗುವುದು ಹೆಚ್ಚಾಗಿ ಕ್ಯಾಶುಯಲ್ ಕೆಲಸ. ಅದಕ್ಕೆ 25 ಶೇಕಡಾ ಸೇರಿ ಸುಮಾರು 31 ಡಾಲರ್ ಆಗುತ್ತದೆ. ಈ ಹೆಚ್ಚುವರಿ ಹಣ ಪುಕ್ಕಟೆ ಬಂದದ್ದಲ್ಲ. ಸಂಬಳ ಸಹಿತ ರಜೆಯಿಲ್ಲ, ಜ್ವರ ಬಂದ ದಿನದ ಕೂಲಿಯಿಲ್ಲ, ಮುಂದಿನ ವಾರದ ಶಿಫ್ಟ್ ಇದ್ದೇ ಇರುತ್ತದೆ ಎಂಬ ಖಾತ್ರಿಯಿಲ್ಲ ಎನ್ನುವುದಕ್ಕೆ ಕೊಡುವ ಬೆಲೆ ಅದು. ನಿಮ್ಮ ವೀಸಾದವರಿಗೆ ತೆರಿಗೆ ಮೊದಲ ಡಾಲರಿನಿಂದಲೇ ಶುರು: 45,000ದವರೆಗೆ ಶೇ. 15. ಹಾಗಾಗಿ 38 ಗಂಟೆಯ ವಾರಕ್ಕೆ ಕೈಗೆ ಬರುವುದು ಸುಮಾರು 1,005 ಡಾಲರ್, 30 ಗಂಟೆಗೆ 795, 20 ಗಂಟೆಗೆ 530.

ಖರ್ಚನ್ನೂ ವಾರದ ಲೆಕ್ಕದಲ್ಲೇ ಹಾಕಿ. ಅಲ್ಲಿ ಬಾಡಿಗೆ ಹೇಳುವುದು ವಾರಕ್ಕೆ. ತಿಂಗಳೆಂದರೆ ನಾಲ್ಕು ವಾರ ಎಂದುಕೊಂಡವರು ವರ್ಷಕ್ಕೆ ನಾಲ್ಕು ವಾರದ ಬಾಡಿಗೆಯನ್ನು ಮರೆತಿರುತ್ತಾರೆ. ಸಿಡ್ನಿಯ ಹಂಚಿಕೆ ಮನೆಯಲ್ಲಿ ಒಂದು ಕೋಣೆಗೆ 320 ಎಂದಿಟ್ಟುಕೊಳ್ಳೋಣ. ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 110. ಓಪಲ್ ಕಾರ್ಡಿನ ವಾರದ ಮಿತಿ 50. ಅಷ್ಟಾದ ಮೇಲೆ ಆ ವಾರ ರೈಲು, ಬಸ್ಸಿಗೆ ಹಣ ಹಿಡಿಯುವುದಿಲ್ಲ. ಫೋನಿಗೆ 10. ಒಟ್ಟು 490. ಅಂದರೆ ವಾರವಾರವೂ 38 ಗಂಟೆ ಸಿಕ್ಕರೆ ಗೆಳೆಯರ 'ಅರ್ಧ' ನಿಜವೇ. 20 ಗಂಟೆ ಸಿಕ್ಕ ವಾರ ಉಳಿಯುವುದು 40 ಡಾಲರ್. ಹೊರಗೆ ಒಂದು ಊಟ, ಒಂದೆರಡು ಕಾಫಿಯಾದರೆ ಅದೂ ಮುಗಿಯಿತು. ಕೆಲಸ ಕೊಡುವವರನ್ನು ಮೊದಲು ಕೇಳಬೇಕಾದದ್ದು ದರವನ್ನಲ್ಲ, ಕಳೆದ ತಿಂಗಳು ಇದೇ ಕೆಲಸದವರಿಗೆ ವಾರಕ್ಕೆ ಎಷ್ಟು ಗಂಟೆ ಸಿಕ್ಕಿತು ಎಂಬುದನ್ನು.

ಇನ್ನು ನಿಮ್ಮ 5,000. ವೀಸಾ ಅಧಿಕಾರಿಗಳಿಗೆ ಅದು ಆರಂಭದ ದಿನಗಳ ಖರ್ಚು, ವರ್ಷದ್ದಲ್ಲ. ವಾಪಸ್ ಟಿಕೆಟ್ಟಿನ ಹಣ ಬೇರೆ ಇರಬೇಕು. ಮೊದಲ ಆರು ವಾರ ಹೀಗೆ ಹೋಗುತ್ತದೆ. ಎರಡು ವಾರ ಹಾಸ್ಟೆಲಿನ ಡಾರ್ಮ್ ಹಾಸಿಗೆ, ರಾತ್ರಿಗೆ 50ರಂತೆ 700. ಕೋಣೆ ಸಿಕ್ಕ ದಿನವೇ ನಾಲ್ಕು ವಾರದ ಬಾಂಡ್, ಅಂದರೆ ಠೇವಣಿ, 1,280, ಎರಡು ವಾರದ ಮುಂಗಡ ಬಾಡಿಗೆ 640. ಮುಂದಿನ ಎರಡು ವಾರಕ್ಕೆ ಮತ್ತೆ 640. ಊಟ 660, ಓಡಾಟ 300. ಕಪ್ಪು ಪ್ಯಾಂಟು, ಜಾರದ ಬೂಟು, ಸಿಮ್, ಮದ್ಯ ಬಡಿಸುವ ಕೆಲಸಕ್ಕೆ ಬೇಕಾದ ಆರ್‌ಎಸ್‌ಎ ಪ್ರಮಾಣಪತ್ರ ಇವಕ್ಕೆಲ್ಲ 300. ಒಟ್ಟು 4,520. ಮೂರನೇ ವಾರ ಕೆಲಸ ಸಿಕ್ಕರೂ ಹದಿನೈದು ದಿನಕ್ಕೊಮ್ಮೆ ಸಂಬಳ ಕೊಡುವಲ್ಲಿ ಮೊದಲ ಹಣ ಕಾಣುವುದು ಐದನೇ ವಾರ. ಕೆಲಸ ಇನ್ನೆರಡು ವಾರ ತಡವಾದರೆ ಜೇಬು ಖಾಲಿ. ಆದ್ದರಿಂದ ನಮ್ಮ ಸಲಹೆ 7,000; ವಿಮೆ ಅದರ ಹೊರಗೆ. ಭಾರತೀಯರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ಅನ್ವಯಿಸುವುದಿಲ್ಲ, ವಿಮೆಯ ಹಣ ಉಳಿಸಲು ಹೋಗಬೇಡಿ.

ಬಾಂಡ್ ವಿಷಯದಲ್ಲಿ ಹಣ ಕಳೆದುಕೊಳ್ಳುವವರು ಬಹಳ. ನಿಯಮದ ಪ್ರಕಾರ ಬಾಡಿಗೆದಾರರ ಬಾಂಡ್ ರಾಜ್ಯದ ಬಾಂಡ್ ಪ್ರಾಧಿಕಾರದಲ್ಲಿ ಜಮೆಯಾಗಬೇಕು. ಹಂಚಿಕೆ ಮನೆಯಲ್ಲಿ ಅದು ಎಷ್ಟೋ ಸಲ ಹಳೆಯ ಬಾಡಿಗೆದಾರನ ಜೇಬಿನಲ್ಲೇ ಉಳಿಯುತ್ತದೆ. ಪ್ರಾಧಿಕಾರದ ರಸೀದಿ ಕೇಳಿ. ಕೊಡಲೊಲ್ಲದವರಿಗೆ ಎರಡು ವಾರಕ್ಕಿಂತ ಹೆಚ್ಚು ಕೊಡಬೇಡಿ, ಅದನ್ನೂ ಬ್ಯಾಂಕ್ ಮೂಲಕವೇ ಕಳಿಸಿ. ಕೋಣೆ ನೋಡದೆ ಒಂದು ಡಾಲರೂ ಬೇಡ. ಹನ್ನೆರಡು ತಿಂಗಳ ಕರಾರಿಗೂ ಸಹಿ ಹಾಕಬೇಡಿ: ಕೆಲವು ವಿನಾಯಿತಿ ಬಿಟ್ಟರೆ ಒಬ್ಬ ಮಾಲೀಕರ ಬಳಿ ಆರು ತಿಂಗಳಷ್ಟೇ ಕೆಲಸ ಮಾಡಬಹುದು, ನಡುವೆ ಊರು ಬಿಡಬೇಕಾಗಿ ಬರಬಹುದು.

ಕೋಣೆ ಆರಿಸುವಾಗ ಇನ್ನೊಂದು ನೋಡಿ: ಭಾನುವಾರ ಬೆಳಗಿನ ಮೊದಲ ರೈಲು ಎಷ್ಟು ಹೊತ್ತಿಗೆ? ಕೆಫೆಗಳು ಬೆಳಗ್ಗೆ ಬೇಗ ತೆರೆದು ಮಧ್ಯಾಹ್ನ ಮೂರರ ಹೊತ್ತಿಗೆ ಮುಚ್ಚುತ್ತವೆ. ವಾರಾಂತ್ಯದ ಶಿಫ್ಟಿಗೆ ಕೂಲಿ ಹೆಚ್ಚು, ರೈಲು ಕಡಿಮೆ. ದೂರದ ಅಗ್ಗದ ಕೋಣೆ ಹಿಡಿದು ಆ ಶಿಫ್ಟ್ ಬಿಟ್ಟವರು ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಸಿಡ್ನಿಗೇ ಹೋಗಬೇಕೆಂದೇನೂ ಇಲ್ಲ. ಕ್ವೀನ್ಸ್‌ಲ್ಯಾಂಡ್‌ನ ಟ್ರಾನ್ಸ್‌ಲಿಂಕ್ ರೈಲು, ಬಸ್, ದೋಣಿಗಳಲ್ಲಿ 2024ರ ಆಗಸ್ಟ್‌ನಿಂದ ಒಂದು ಪ್ರಯಾಣಕ್ಕೆ 50 ಸೆಂಟ್. ದಿನಕ್ಕೆರಡು ಸಲ ಓಡಾಡುವವರಿಗೆ ಬ್ರಿಸ್ಬೇನ್‌ನಲ್ಲಿ ವಾರಕ್ಕೆ ಏಳು ಡಾಲರ್ ಸಾಕು.

ಇಳಿದ ವಾರವೇ ತೆರಿಗೆ ಸಂಖ್ಯೆಗೆ, ಅಂದರೆ ಟಿಎಫ್‌ಎನ್‌ಗೆ ಅರ್ಜಿ ಹಾಕಿ. ಅದು ಉಚಿತ, ಹಣ ಕೇಳುವ ಜಾಲತಾಣ ದಲ್ಲಾಳಿಯದ್ದು. ಸಂಖ್ಯೆ ಕೊಡದಿದ್ದರೆ ಸಂಬಳದಲ್ಲಿ ಶೇ. 45 ಹಿಡಿಯುತ್ತಾರೆ. ಈ ವೀಸಾದವರನ್ನು ಇಟ್ಟುಕೊಳ್ಳಲು ಮಾಲೀಕರು ನೋಂದಾಯಿಸಿಕೊಂಡಿಲ್ಲದಿದ್ದರೆ ಶೇ. 15ರ ಬದಲು 30 ಹಿಡಿಯುತ್ತಾರೆ. ಜೂನ್ 30ಕ್ಕೆ ವರ್ಷ ಮುಗಿದ ಮೇಲೆ ರಿಟರ್ನ್ ಸಲ್ಲಿಸಿ ಹೆಚ್ಚಿನದನ್ನು ವಾಪಸ್ ಪಡೆಯಬಹುದು. "ಎಬಿಎನ್ ಮಾಡಿಸಿಕೊಂಡು ಬಾ" ಎನ್ನುವ ಕೆಫೆ ಮಾಲೀಕರಿಂದ ದೂರವಿರಿ. ಎಬಿಎನ್ ಎಂದರೆ ಸ್ವಂತ ವ್ಯವಹಾರದವರ ನೋಂದಣಿ ಸಂಖ್ಯೆ. ಕಾಗದದ ಮೇಲೆ ನೀವು ಗುತ್ತಿಗೆದಾರರಾಗುತ್ತೀರಿ, ಕನಿಷ್ಠ ಕೂಲಿ, ಸೂಪರ್ (ಮಾಲೀಕರು ಕಟ್ಟುವ ನಿವೃತ್ತಿ ನಿಧಿ) ಎರಡೂ ತಪ್ಪುತ್ತವೆ. ಪೇಸ್ಲಿಪ್ ಸಂಬಳದ ಮಾರನೆಯ ಕೆಲಸದ ದಿನದೊಳಗೆ ಬರಬೇಕು. ಬರದಿದ್ದರೆ ಕಾರ್ಮಿಕರ ದೂರು ಕೇಳುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಎರಡನೇ ವರ್ಷದ ವೀಸಾ ಬೇಕೆಂದರೆ ನಿಗದಿತ ಪ್ರದೇಶದಲ್ಲಿ ಮೂರು ತಿಂಗಳು ನಿಗದಿತ ಕೆಲಸ ಮಾಡಿರಬೇಕು. ಬಹಳ ಜನ ತೋಟಕ್ಕೆ ಹೋಗುವುದು ಇದಕ್ಕೇ. ಬಿನ್ ಲೆಕ್ಕದಲ್ಲಿ, ಅಂದರೆ ತುಂಬಿಸಿದ ಡಬ್ಬಕ್ಕೆ ಇಷ್ಟು ಎಂದು, ಹಣ್ಣು ಕೊಯ್ದರೂ 2022ರ ಏಪ್ರಿಲ್ 28ರಿಂದ ಗಂಟೆಯ ಕನಿಷ್ಠ ಕೂಲಿ ಕೊಡಲೇಬೇಕು. ಗಂಟೆಗಳನ್ನು ನೀವೇ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಲಸ ಕೊಡಿಸುವ ಹಾಸ್ಟೆಲಿನಲ್ಲಿ ಮಳೆ ಬಂದ ದಿನ ಕೂಲಿ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಕೊಯ್ಲು ಶುರುವಾಗುವ ಮೊದಲೇ ಕರೆಸಿಕೊಂಡು ಹಾಸಿಗೆ ತುಂಬಿಸುವವರೂ ಇದ್ದಾರೆ. ಮುಂಗಡ ಕೊಡುವ ಮುನ್ನ ತೋಟಕ್ಕೇ ಫೋನ್ ಮಾಡಿ ಕೊಯ್ಲಿನ ದಿನ ಕೇಳಿ.

ಸುತ್ತಾಟಕ್ಕೆ ಹಳೆಯ ಕಾರು ಕೊಳ್ಳುವ ಯೋಚನೆಯಿದ್ದರೆ ಅಡಮಾನಗಳ ಸರ್ಕಾರಿ ದಾಖಲೆಯಾದ ಪಿಪಿಎಸ್‌ಆರ್‌ನಲ್ಲಿ ಎರಡು ಡಾಲರ್ ಕೊಟ್ಟು ಅದರ ಮೇಲೆ ಸಾಲವಿದೆಯೇ ನೋಡಿ. ಇದ್ದರೆ ಸಾಲ ಕೊಟ್ಟವರು ಕಾರನ್ನು ನಿಮ್ಮಿಂದಲೇ ಎತ್ತಿಕೊಂಡು ಹೋಗಬಹುದು.

ಸೂಪರ್ ಹಣವನ್ನು ಉಳಿತಾಯವೆಂದು ಎಣಿಸಬೇಡಿ. ನೀವು 30,000 ದುಡಿದರೆ ಮಾಲೀಕರು ಶೇ. 12ರಂತೆ 3,600 ಕಟ್ಟುತ್ತಾರೆ. ಫಂಡಿನೊಳಗೆ ಶೇ. 15 ತೆರಿಗೆ ಹೋಗಿ, ನೀವು ದೇಶ ಬಿಟ್ಟು ತೆಗೆಯುವಾಗ ಉಳಿದದ್ದರಲ್ಲಿ ಶೇ. 65 ಹೋಗುತ್ತದೆ. ಕೈಗೆ ಸಾವಿರದ ಆಸುಪಾಸು. ಅದಾದರೂ ಸಿಗಬೇಕಾದರೆ ವಿಮಾನ ಹತ್ತುವ ಮೊದಲು ಫಂಡಿನ ಖಾತೆಯಲ್ಲಿ ಮೊಬೈಲ್ ನಂಬರ್ ಬದಲಿಸಿ: ಅರ್ಜಿಯನ್ನು ಪೂರೈಸಲಾಗುವುದು ನೀವು ದೇಶ ಬಿಟ್ಟು, ವೀಸಾ ಕೊನೆಗೊಂಡ ಮೇಲೆ. ಅಷ್ಟರಲ್ಲಿ ಒಟಿಪಿ ಬರಬೇಕಾದ ಸಿಮ್ ಸತ್ತಿರುತ್ತದೆ.