ಇಂಕ್ ಟ್ಯಾಂಕೋ ಲೇಸರೋ: ಮನೆಯಲ್ಲೇ ಕಚೇರಿ ನಡೆಸುವವರಿಗೆ ಯಾವ ಪ್ರಿಂಟರ್ ಸರಿ?

ನಮಸ್ಕಾರ. ಶಿವಮೊಗ್ಗದ ಮನೆಯಿಂದಲೇ ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಲೆಕ್ಕಪತ್ರದ ಕೆಲಸ ಮಾಡುವ ತಾವು, ಆ ಕೆಲಸಕ್ಕೂ ಇಬ್ಬರು ಮಕ್ಕಳ ಶಾಲಾ ಪ್ರಾಜೆಕ್ಟ್‌ಗಳಿಗೂ ಸೇರಿ ಒಂದೇ ಪ್ರಿಂಟರ್ ಕೊಳ್ಳುವುದಾದರೆ ಇಂಕ್ ಟ್ಯಾಂಕ್ ಒಳ್ಳೆಯದೋ ಲೇಸರ್ ಒಳ್ಳೆಯದೋ ಎಂದು ಕೇಳಿದ್ದೀರಿ. ಸಾಗರದಲ್ಲಿ ಡಿಟಿಪಿ ಮತ್ತು ಪ್ರಿಂಟರ್ ರಿಪೇರಿಯ ಅಂಗಡಿ ನಡೆಸುತ್ತಿರುವ ನನ್ನ ಸಲಹೆ ಇಷ್ಟು: ಸ್ಕ್ಯಾನರ್ ಇರುವ, ಹಾಳೆಯ ಎರಡೂ ಬದಿಗೆ ತಾನಾಗಿಯೇ ಮುದ್ರಿಸುವ ಕಪ್ಪು-ಬಿಳುಪು ಲೇಸರ್ ಕೊಳ್ಳಿ, ಬಣ್ಣದ ಪುಟಗಳನ್ನು ಅಂಗಡಿಯಲ್ಲಿ ತೆಗೆಸಿ.

ಪುಟವೊಂದಕ್ಕೆ ಬೀಳುವ ಖರ್ಚನ್ನಷ್ಟೇ ನೋಡಿದರೆ, ಬಾಟಲಿಯಿಂದ ಶಾಯಿ ತುಂಬಿಸುವ ಇಂಕ್ ಟ್ಯಾಂಕನ್ನು ಮೀರಿಸುವುದು ಕಷ್ಟ. ಎಪ್ಸನ್ ಎಲ್3250ರಂಥ ಮಾದರಿಯಲ್ಲಿ ಕಪ್ಪು ಶಾಯಿಯ ಒಂದು ಬಾಟಲಿಗೆ ಸುಮಾರು 4,500 ಪುಟ ಎಂದು ಕಂಪನಿ ಲೆಕ್ಕ ಕೊಡುತ್ತದೆ. ನಮ್ಮ ಕಡೆಯ ಕಚೇರಿಗಳಲ್ಲಿ ಇಂದಿಗೂ ಕಾಣಸಿಗುವ ಕ್ಯಾನನ್ ಎಲ್‌ಬಿಪಿ2900 ಲೇಸರ್‌ನ ಟೋನರ್ (ಶಾಯಿಯ ಬದಲು ಬಳಸುವ ಪುಡಿ) ಕಾರ್ಟ್ರಿಜ್‌ಗೆ ಸುಮಾರು 2,000 ಪುಟ. ಆದರೆ ಪುಟದ ಖರ್ಚು ಕೇಳುವವರೆಲ್ಲ ಯಂತ್ರ ಎಷ್ಟು ದಿನ ಸುಮ್ಮನೆ ಕೂರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಮ್ಮ ಕೆಲಸದಲ್ಲಿ ಕಪ್ಪು ಶಾಯಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ತಿಂಗಳ 11ನೇ ಮತ್ತು 20ನೇ ತಾರೀಖಿನ ಆಸುಪಾಸಿನಲ್ಲಿ ಕಂತೆಗಟ್ಟಲೆ ಓಡುತ್ತದೆ, ಸರಿ. ಆದರೆ ಬಣ್ಣದ ಮೂರು ಶಾಯಿಗಳು ಮಕ್ಕಳಿಗೆ ಪ್ರಾಜೆಕ್ಟ್ ಕೊಡುವವರೆಗೆ ಕಾಯುತ್ತಲೇ ಇರುತ್ತವೆ. ಕಾಗದದ ಮೇಲೆ ಶಾಯಿ ಚಿಮ್ಮಿಸುವ ಹೆಡ್‌ನಲ್ಲಿರುವ ರಂಧ್ರಗಳು ಕೂದಲೆಳೆಗಿಂತ ಸಣ್ಣವು; ವಾರಗಟ್ಟಲೆ ಬಳಸದಿದ್ದರೆ ಅಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ನನ್ನ ಅಂಗಡಿಗೆ ಬರುವ ಇಂಕ್ ಟ್ಯಾಂಕ್‌ಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ. ಈ ರಂಧ್ರಗಳನ್ನು ಪರೀಕ್ಷಿಸುವ ನಾಜಲ್ ಚೆಕ್ ಪುಟ ತೆಗೆದರೆ ಕಪ್ಪು ಗೆರೆಗಳು ಸಾಲಾಗಿ ಬಂದಿರುತ್ತವೆ, ನೀಲಿಯವು ಅಲ್ಲಲ್ಲಿ ತುಂಡಾಗಿರುತ್ತವೆ, ಹಳದಿಯ ಜಾಗ ಖಾಲಿ. ಹೆಡ್ ಕ್ಲೀನಿಂಗ್ ಕೊಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಪ್ರತಿ ಸಲವೂ ಒಳ್ಳೆಯ ಶಾಯಿಯೇ ಯಂತ್ರದೊಳಗಿನ ಪ್ಯಾಡ್‌ಗೆ ಹೋಗಿ ಸೇರುತ್ತದೆ. ಆ ಪ್ಯಾಡ್ ತುಂಬಿದ ದಿನ, ಅದನ್ನು ಬದಲಾಯಿಸುವವರೆಗೆ ಯಂತ್ರ ಕೆಲಸ ನಿಲ್ಲಿಸುತ್ತದೆ. ಟೋನರ್ ಒಣಪುಡಿಯಾದ್ದರಿಂದ ಲೇಸರ್‌ಗೆ ಈ ತಾಪತ್ರಯವಿಲ್ಲ.

ಕಡಿಮೆ ಬೆಲೆಗೆ ಸಿಗುವ ಪುಟ್ಟ ಕಾರ್ಟ್ರಿಜ್‌ನ ಇಂಕ್‌ಜೆಟ್‌ಗಳ ಗೊಡವೆಗೇ ಹೋಗಬೇಡಿ. ನೂರು ಇನ್ನೂರು ಪುಟಕ್ಕೆ ಕಾರ್ಟ್ರಿಜ್ ಮುಗಿದು, ಕೆಲವೇ ಸಲ ಬದಲಾಯಿಸುವಷ್ಟರಲ್ಲಿ ಪ್ರಿಂಟರ್‌ನ ಬೆಲೆ ಮತ್ತೊಮ್ಮೆ ಕೊಟ್ಟಂತಾಗಿರುತ್ತದೆ.

ಲೇಸರ್‌ನಲ್ಲಿಯೂ ತೊಡಕುಗಳಿಲ್ಲದಿಲ್ಲ. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಒಳಗಿನ ರೋಲರ್ ಬಿಸಿಯಾಗುವಾಗ ಅದು ಒಮ್ಮೆಲೇ ನೂರಾರು ವ್ಯಾಟ್ ವಿದ್ಯುತ್ ಎಳೆಯುವುದರಿಂದ, ಕಂಪ್ಯೂಟರ್‌ಗೆ ಇಟ್ಟ 600 ವಿಎ ಯುಪಿಎಸ್‌ಗೆ ಅದನ್ನು ಜೋಡಿಸಿದರೆ ಯುಪಿಎಸ್ ಕೀರಲು ಶಬ್ದ ಮಾಡಿ ಕೈಕೊಡುತ್ತದೆ; ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ. ಕರೆಂಟ್ ಹೋದಾಗಲೂ ಪ್ರಿಂಟ್ ಬೇಕೇ ಬೇಕೆನ್ನುವವರಿಗೆ ಮಾತ್ರ ಇಂಕ್ ಟ್ಯಾಂಕ್ ವಾಸಿ, ಅದಕ್ಕೆ ಹತ್ತಿಪ್ಪತ್ತು ವ್ಯಾಟ್ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಟ್ರೇಯಲ್ಲೇ ಬಿಟ್ಟ ಕಾಗದ ಶೀತ ಎಳೆದುಕೊಂಡು ಮೆತ್ತಗಾಗಿ ಎರಡೆರಡು ಹಾಳೆ ಒಟ್ಟಿಗೆ ಒಳಹೋಗುತ್ತವೆ, ಅಕ್ಷರ ಮಸುಕಾಗುತ್ತದೆ, ಹಾಳೆ ಸುರುಳಿಯಾಗಿ ಹೊರಬರುತ್ತದೆ. ಗ್ರಾಹಕರು ಪ್ರಿಂಟರನ್ನು ಬೈಯುತ್ತಾರೆ, ಆದರೆ ತಪ್ಪು ಕಾಗದದ್ದು. ಬಿಚ್ಚಿದ ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಬೇಕಾದಷ್ಟೇ ಹಾಳೆ ಟ್ರೇಗೆ ಹಾಕಿ.

ಹೊಸ ಲೇಸರ್ ಜೊತೆಗೆ ಬರುವ ಟೋನರ್ ಸಾಮಾನ್ಯವಾಗಿ ಪೂರ್ತಿ ತುಂಬಿದ್ದಲ್ಲ, ಆದ್ದರಿಂದ ಅದು ಬೇಗ ಮುಗಿಯಿತೆಂದು ಗಾಬರಿಯಾಗಬೇಡಿ. ಪುಡಿ ರೀಫಿಲ್ ಮಾಡಿಸುವುದು ನಮ್ಮಲ್ಲಿ ಮಾಮೂಲು, ನಾನೂ ಮಾಡಿಕೊಡುತ್ತೇನೆ. ಆದರೆ ಪುಟದುದ್ದಕ್ಕೂ ಒಂದೇ ಅಂತರದಲ್ಲಿ ಅದೇ ಚುಕ್ಕೆ ಮರುಕಳಿಸತೊಡಗಿದರೆ ಸಾಮಾನ್ಯವಾಗಿ ಡ್ರಮ್ (ಪುಡಿಯನ್ನು ಕಾಗದಕ್ಕೆ ದಾಟಿಸುವ ಉರುಳೆ) ಗೀರಿದೆ ಎಂದು ಅರ್ಥ, ಹಾಗಾದ ಮೇಲೆ ಎಷ್ಟು ಪುಡಿ ತುಂಬಿಸಿದರೂ ಪ್ರಯೋಜನವಿಲ್ಲ. ಕೆಲವು ಮಾದರಿಗಳಲ್ಲಿ ಡ್ರಮ್ ಟೋನರ್‌ನೊಳಗೇ ಇರುತ್ತದೆ, ಕೆಲವದರಲ್ಲಿ ಬೇರೆಯಾಗಿ ಕೊಳ್ಳಬೇಕು. ಆದ್ದರಿಂದ ಅಂಗಡಿಯಲ್ಲಿ ಟೋನರ್ ಬೆಲೆಯ ಜೊತೆಗೆ ಡ್ರಮ್ ಬೆಲೆಯನ್ನೂ ಕೇಳಿ, ಎರಡೂ ಶಿವಮೊಗ್ಗದಲ್ಲೇ ಸಿಗುತ್ತವೆಯೋ ಬೆಂಗಳೂರಿನಿಂದ ತರಿಸಬೇಕೋ ಎಂಬುದನ್ನು ಹಣ ಕೊಡುವ ಮುಂಚೆಯೇ ಖಚಿತಪಡಿಸಿಕೊಳ್ಳಿ.